ಕೈಯಲ್ಲಿರುವ ಕಾಗದದಿಂದ ಶುರುವಾಗಬೇಕಾದ ಜಾಲತಾಣ

ಜಗಳೂರಿನ ನಾಡಕಚೇರಿಗೋ ಹೊಳಲ್ಕೆರೆ ಕಡೆಯ ಗ್ರಾಮ ಒನ್ ಕೇಂದ್ರಕ್ಕೋ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಒಳಗೆ ಆಧಾರ್ ಜೆರಾಕ್ಸ್, ಪಡಿತರ ಚೀಟಿ, ಪಾಸ್‌ಬುಕ್, ಮಡಿಕೆಯಲ್ಲಿ ಹರಿಯುತ್ತಾ ಬಂದ ಪಹಣಿ, ಮಕ್ಕಳ ಟಿ.ಸಿ. ಬಾಯಲ್ಲಿ ಒಂದೇ ಪ್ರಶ್ನೆ. ಸರ್ಕಾರಿ ಜಾಲತಾಣ ಕಟ್ಟುವವರು ಆ ಕವರ್ ಮತ್ತು ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೂತರೆ ಅರ್ಧ ಕೆಲಸ ಆದಂತೆಯೇ. ನಮ್ಮಲ್ಲಿ ಹೆಚ್ಚಿನ ತಾಣಗಳು ಇಲಾಖೆಯ ರಚನೆಯಿಂದ ಶುರುವಾಗುತ್ತವೆ. ಗಣ್ಯರ ಫೋಟೊ, ಓಡುವ ಅಕ್ಷರದ ಪ್ರಕಟಣೆ, ಶಾಖೆಗಳ ಹೆಸರು, ಸಮಾರಂಭದ ಗ್ಯಾಲರಿ ಎಲ್ಲ ದಾಟಿದ ಮೇಲೆ ಒಂದು ಮೂಲೆಯಲ್ಲಿ 'ನಾಗರಿಕ ಸೇವೆಗಳು' ಎಂದಿರುತ್ತದೆ.

ಅಡಿಪಾಯ ನಮ್ಮಲ್ಲಿ ಇಲ್ಲದೇ ಇಲ್ಲ. ಪಹಣಿಯನ್ನು ಕಂಪ್ಯೂಟರಿಗೆ ತಂದ 'ಭೂಮಿ' 2000ದಲ್ಲೇ ಬಂತು. ಇಂಥ ಸೇವೆಯನ್ನು ಇಷ್ಟು ದಿನದೊಳಗೆ ಕೊಡಲೇಬೇಕು ಎಂದು ಹೇಳುವ ಸಕಾಲ 2012ರಲ್ಲಿ ಜಾರಿಯಾಯಿತು. ಸರ್ಕಾರಿ ಜಾಲತಾಣ ಹೇಗಿರಬೇಕು ಎಂದು ಹೇಳುವ ಕೇಂದ್ರದ ಮಾರ್ಗಸೂಚಿ, ಜಿಐಜಿಡಬ್ಲ್ಯು, 2009ರಿಂದ ಇದೆ. ಅದರ ಮೂರನೇ ಆವೃತ್ತಿ 2023ರಲ್ಲಿ ಹೊರಬಂತು. ಆದರೆ ಮಾರ್ಗಸೂಚಿಯ ಪಟ್ಟಿಗೆಲ್ಲ ಟಿಕ್ ಹಾಕಿಸಿಕೊಂಡ ತಾಣದಲ್ಲೂ ಹಿರಿಯೂರಿನ ಹಟ್ಟಿಯೊಂದರ ಹೆಣ್ಣುಮಗಳು ತನ್ನ ಊರಿನ ಹೆಸರು ಸಿಗದೆ ಅರ್ಜಿ ಬಿಟ್ಟು ಏಳಬಹುದು. ಅಂಥ ಕಡೆಗಳ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಜಿಲ್ಲಾ ತಾಣ ನೋಡಿಕೊಳ್ಳುವ ಸಿಬ್ಬಂದಿ, ಇಲಾಖೆಗೆ ತಂತ್ರಾಂಶ ಬರೆಯುವವರು, ಅದಕ್ಕೆ ಟೆಂಡರ್ ಸಿದ್ಧಪಡಿಸುವ ಅಧಿಕಾರಿಗಳು ಓದಲಿ ಎಂಬುದು ನನ್ನ ಆಸೆ.

ಪ್ರಶ್ನೆಗೊಂದು ಪುಟ

"ಬೆಳೆ ಪರಿಹಾರ ನನಗ್ಯಾಕೆ ಬಂದಿಲ್ಲ?" ಈ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ಮೇಲೆ ಊರೂರಲ್ಲಿ ಕೇಳಿದ ಮಾತು ಇದು. ಉತ್ತರ ಯಾವ ಒಂದು ಇಲಾಖೆಯ ಹತ್ತಿರವೂ ಪೂರ್ತಿ ಇಲ್ಲ. ಪಹಣಿ ಕಂದಾಯ ಇಲಾಖೆಯದು. ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ್ದು. ಅದಕ್ಕೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಹೊಲದಲ್ಲಿ ಯಾವ ಬೆಳೆ ಇತ್ತು ಎಂಬುದು ಬೆಳೆ ಸಮೀಕ್ಷೆಯಲ್ಲಿರುತ್ತದೆ. ದುಡ್ಡು ಮುಟ್ಟುವುದು ಬ್ಯಾಂಕಿನ ಮೂಲಕ. ಯಾವ ಕೊಂಡಿ ಕಳಚಿದರೂ ರೈತನಿಗೆ ಕಾಣುವುದು ಒಂದೇ, ದುಡ್ಡು ಬಂದಿಲ್ಲ.

ಈ ನಾಲ್ಕೂ ಕಡೆಯ ಮಾಹಿತಿಯನ್ನು ಒಂದೇ ಪುಟದಲ್ಲಿ ಸಾಲಾಗಿ ಇಡಬಹುದು. ಮೊದಲು ಕೇಳಬೇಕಾದದ್ದು ಪಹಣಿ ಯಾರ ಹೆಸರಿನಲ್ಲಿದೆ ಎಂದು. ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಮುಂದಿನದೆಲ್ಲ ನಿಂತುಹೋಗುತ್ತದೆ, ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ, ಆಗದೆ ಆ ಜಮೀನು ಮಗನ ಎಫ್‌ಐಡಿಗೆ ಸೇರುವುದಿಲ್ಲ. ಹಾಗಿದ್ದವರನ್ನು ಅಲ್ಲಿಂದಲೇ ಪೌತಿ ಖಾತೆಯ ಪುಟಕ್ಕೆ ಕಳಿಸಬೇಕು. ಆಮೇಲೆ ಎಫ್‌ಐಡಿ ಇದೆಯೇ, ಇದ್ದರೆ ಎಲ್ಲ ಸರ್ವೆ ನಂಬರೂ ಅದಕ್ಕೆ ಸೇರಿವೆಯೇ ಎಂದು ನೋಡಬೇಕು. ಎರಡು ಮೂರು ಕಡೆ ತುಂಡು ಜಮೀನಿದ್ದು ಒಂದನ್ನು ಮಾತ್ರ ಸೇರಿಸಿರುವುದು ಸಾಮಾನ್ಯ. ನಂತರ ಪಹಣಿಯ ಹೆಸರೂ ಆಧಾರ್ ಹೆಸರೂ ಹೊಂದುತ್ತವೆಯೇ. ಅದಾದ ಮೇಲೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ. ಮೆಕ್ಕೆಜೋಳ ಹಾಕಿದ ಹೊಲ ಪಾಳು ಎಂದು ದಾಖಲಾಗಿದ್ದರೆ ಲೆಕ್ಕಕ್ಕೇ ಬರುವುದಿಲ್ಲ. ಕೊನೆಯದು ಬ್ಯಾಂಕ್. ಜನ ಹೆಚ್ಚು ಅಲೆಯುವುದು ಇಲ್ಲೇ. ಆಧಾರ್ ಆಧಾರದ ಮೇಲೆ ಕಳಿಸಿದ ದುಡ್ಡು ನಾವು ಜೆರಾಕ್ಸ್ ಕೊಟ್ಟ ಪಾಸ್‌ಬುಕ್ಕಿನ ಖಾತೆಗೇ ಹೋಗಬೇಕೆಂದಿಲ್ಲ. ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಆ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಯಾವುದೋ ಅಲ್ಲಿಗೆ ಹೋಗುತ್ತದೆ. ಯಾವುದೋ ಸಾಲಕ್ಕೆಂದು ತೆರೆದು ಮರೆತ ಖಾತೆಗೆ ದುಡ್ಡು ಬಿದ್ದಿರುತ್ತದೆ, ಮನೆಯವರು ಇನ್ನೊಂದು ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಾ ಕೂತಿರುತ್ತಾರೆ.

ಪ್ರತಿ ಹೆಜ್ಜೆಯ ಕೆಳಗೂ ಮೂರು ವಿಷಯ ಬೇಕು: ಎಲ್ಲಿ ನೋಡುವುದು, ಸರಿ ಇಲ್ಲದಿದ್ದರೆ ಯಾರ ಹತ್ತಿರ ಹೋಗುವುದು, ಹೋಗುವಾಗ ಏನು ಒಯ್ಯುವುದು. ಇದಕ್ಕೆ ಹೊಸ ತಂತ್ರಾಂಶ ಬೇಡ, ಹೊಸ ಅನುದಾನವೂ ಬೇಡ. ರಾಜ್ಯದ ಸೇವೆಗಳ ತಾಣವಾದ ಸೇವಾ ಸಿಂಧುವನ್ನೋ ಫ್ರೂಟ್ಸ್ ತಂತ್ರಾಂಶವನ್ನೋ ಜಿಲ್ಲೆಯವರು ತಿದ್ದಲು ಆಗುವುದಿಲ್ಲ ನಿಜ. ಆದರೆ ದಾವಣಗೆರೆ, ಚಿತ್ರದುರ್ಗ ಎರಡಕ್ಕೂ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಜಿಲ್ಲಾ ತಾಣವಿದೆ. ಅದರಲ್ಲಿ ಒಂದು ಪುಟ ಬರೆದು ಸೇರಿಸುವುದು ಜಿಲ್ಲೆಯ ಕೈಯಲ್ಲೇ ಇರುವ ಕೆಲಸ.

ಯಾವ ಪ್ರಶ್ನೆಗಳಿಗೆ ಪುಟ ಮಾಡಬೇಕು ಎಂಬುದನ್ನು ಸಭೆಯಲ್ಲಿ ಕೂತು ಊಹಿಸಬೇಡಿ. ನಾಲ್ಕು ಕಡೆ ಅದು ಬರೆದಿಟ್ಟಂತೆ ಸಿಗುತ್ತದೆ. ತಿರಸ್ಕೃತ ಅರ್ಜಿಗಳ ಕಾರಣದ ಪಟ್ಟಿ, ಸಹಾಯವಾಣಿಯ ಕರೆಗಳ ದಾಖಲೆ, ತಾಣದ ಹುಡುಕಾಟದ ಪೆಟ್ಟಿಗೆಯಲ್ಲಿ ಜನ ಟೈಪ್ ಮಾಡಿದ ಪದಗಳು, ಮತ್ತು ಕೌಂಟರ್ ಮುಂದೆ ಆಡುವ ಮಾತು. ನನ್ನ ಪ್ರಕಾರ ಮೊದಲನೆಯದೇ ಚಿನ್ನ. ಒಂದು ತಿಂಗಳ ತಿರಸ್ಕೃತ ಅರ್ಜಿಗಳನ್ನು ಕಾರಣವಾರು ಜೋಡಿಸಿದರೆ ಪಟ್ಟಿಯ ಮೇಲ್ತುದಿಯ ಮೂರ್ನಾಲ್ಕು ಕಾರಣಗಳಲ್ಲೇ ಹೆಚ್ಚಿನವು ಬೀಳುತ್ತವೆ, ಮತ್ತು ಅವು ಬಹುತೇಕ ನಮೂನೆಯ ತಪ್ಪು, ಜನರ ತಪ್ಪಲ್ಲ. ಕಾರಣದ ಕಾಲಮ್ಮಿನಲ್ಲಿ 'ಇತರೆ' ಎಂದೇ ತುಂಬಿದ್ದರೆ ಮೊದಲು ಅದನ್ನು ಸರಿಮಾಡಿ. 'ಪಡಿತರ ಚೀಟಿಯ ಪ್ರತಿ ಓದಲು ಬರುತ್ತಿಲ್ಲ', 'ಅರ್ಜಿದಾರರು ಈ ವೃತ್ತದಲ್ಲಿ ವಾಸವಿಲ್ಲ' ಎಂಬಂಥ ಸ್ಪಷ್ಟ ಕಾರಣಗಳ ಪಟ್ಟಿಯಿಂದ ಒಂದನ್ನು ಆರಿಸದೆ ಅರ್ಜಿ ತಿರಸ್ಕರಿಸಲು ಆಗಬಾರದು.

ಹುಡುಕಾಟದ ಪದಗಳ ಬಗ್ಗೆ ಒಂದು ಮಾತು. ದಾವಣಗೆರೆ ನಡು ಕರ್ನಾಟಕದ ಊರು, ಇಲ್ಲಿ ಎರಡೂ ಕಡೆಯ ಮಾತು ಕಲೆತಿದೆ. ಒಬ್ಬರು ಪಹಣಿ ಎಂದರೆ ಇನ್ನೊಬ್ಬರು ಪಾಣಿ, ಹರಿಹರದಿಂದ ಆಚೆಯವರು ಉತಾರ, ನೆಟ್ ಸೆಂಟರ್ ಹುಡುಗ ಆರ್‌ಟಿಸಿ ಎನ್ನುತ್ತಾನೆ. ನಾಲ್ಕರಲ್ಲಿ ಯಾವುದನ್ನು ಹಾಕಿದರೂ ಒಂದೇ ಪುಟ ತೆರೆಯಬೇಕು. ಇಂಥ ಸಮಾನಪದಗಳ ಒಂದು ಪಟ್ಟಿ ಮಾಡಿ ಹುಡುಕಾಟಕ್ಕೆ ಕೊಡುವುದು ಅರ್ಧ ದಿನದ ಕೆಲಸ.

ಸೇವೆಯೊಂದರ ಪುಟದಲ್ಲಿ ಯಾವುದು ಮೊದಲು ಬರಬೇಕು ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯಾರಿಗೆ ಸಿಗುತ್ತದೆ, ಏನೇನು ತರಬೇಕು, ಶುಲ್ಕ ಎಷ್ಟು, ಸಕಾಲದ ಗಡುವು ಎಷ್ಟು ದಿನ, ಎಲ್ಲಿ ಅರ್ಜಿ ಹಾಕಬಹುದು. ಇಷ್ಟೂ ಫೋನಿನ ಮೊದಲ ಪರದೆಯಲ್ಲೇ ಸಿಗಬೇಕು. ಕಾಯ್ದೆಯ ಹೆಸರು, ಸುತ್ತೋಲೆ ಸಂಖ್ಯೆ, ಯೋಜನೆಯ ಉದ್ದೇಶ ಎಲ್ಲ ಕೆಳಗಿರಲಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೇಳಬಹುದು ಎಂಬುದು ಸಕಾಲ ಕಾಯ್ದೆಯಲ್ಲೇ ಇದೆ. ಗಡುವಿನ ಪಕ್ಕದಲ್ಲೇ ಅದನ್ನೂ ಬರೆಯಿರಿ. ಗೊತ್ತಿಲ್ಲದ ಹಕ್ಕನ್ನು ಯಾರೂ ಕೇಳಲಾರರು.

ನಮೂನೆಯೊಳಗೆ ಎಡವುವ ಜಾಗಗಳು

ಅರ್ಜಿ ನಮೂನೆಯ ಪ್ರತಿ ಪೆಟ್ಟಿಗೆಗೂ ಒಂದು ಪರೀಕ್ಷೆ ಇಡಿ: ಇದಕ್ಕೆ ಉತ್ತರ ಆ ಕವರ್‌ನಲ್ಲಿರುವ ಯಾವ ಕಾಗದದಲ್ಲಿದೆ, ಆ ಕಾಗದದಲ್ಲಿ ಯಾವ ರೂಪದಲ್ಲಿದೆ? ಯಾವ ಕಾಗದದಲ್ಲೂ ಇಲ್ಲದಿದ್ದರೆ ಆ ಪೆಟ್ಟಿಗೆ ಯಾಕಿದೆ ಎಂದು ಇಲಾಖೆಯನ್ನು ಕೇಳಿ. ಬೇರೆ ರೂಪದಲ್ಲಿದ್ದರೆ ನಮೂನೆಯನ್ನು ಕಾಗದಕ್ಕೆ ಹೊಂದಿಸಿ.

ಜಮೀನಿನ ವಿಸ್ತೀರ್ಣ ಇದಕ್ಕೆ ಒಳ್ಳೆಯ ಉದಾಹರಣೆ. ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆ, ಆಣೆಯ ಲೆಕ್ಕದಲ್ಲಿ ಚುಕ್ಕಿ ಹಾಕಿ ಅಚ್ಚಾಗಿರುತ್ತದೆ. 2 ಎಕರೆ 20 ಗುಂಟೆ ಇದ್ದರೆ 2.20 ಎಂದು ಕಾಣುತ್ತದೆ. ನಮೂನೆಯಲ್ಲಿ 'ವಿಸ್ತೀರ್ಣ (ಎಕರೆ)' ಎಂದು ಒಂದೇ ಪೆಟ್ಟಿಗೆ ಇಟ್ಟು, ಅದನ್ನು ದಶಮಾಂಶ ಸಂಖ್ಯೆಯಾಗಿ ತೆಗೆದುಕೊಂಡರೆ ರೈತ ಪಹಣಿ ನೋಡಿ 2.20 ಎಂದೇ ಬರೆಯುತ್ತಾನೆ. ಎಕರೆಗೆ 40 ಗುಂಟೆ. ಯಂತ್ರದ ಲೆಕ್ಕದಲ್ಲಿ 2.20 ಎಕರೆ ಎಂದರೆ 2 ಎಕರೆ 8 ಗುಂಟೆ. ಯಾರೂ ಸುಳ್ಳು ಹೇಳದೆ, ಯಾವ ತಪ್ಪು ಸಂದೇಶವೂ ಬರದೆ 12 ಗುಂಟೆ ಮಾಯ. ಇನ್ನು 2 ಎಕರೆ 5 ಗುಂಟೆಯವರು 2.5 ಎಂದು ಬರೆದರೆ ಅದು ಎರಡೂವರೆ ಎಕರೆಯಾಗುತ್ತದೆ, 15 ಗುಂಟೆ ಹೆಚ್ಚು. ಆಮೇಲೆ ಪಹಣಿಗೂ ಅರ್ಜಿಗೂ ತಾಳೆಯಾಗುತ್ತಿಲ್ಲ ಎಂದು ಅರ್ಜಿ ವಾಪಸ್. ಪರಿಹಾರ ತೀರಾ ಸರಳ: ಎಕರೆಗೆ ಒಂದು ಪೆಟ್ಟಿಗೆ, ಗುಂಟೆಗೆ ಇನ್ನೊಂದು. ಗುಂಟೆಯಲ್ಲಿ 39ಕ್ಕಿಂತ ಹೆಚ್ಚು ಹಾಕಿದರೆ ಅಲ್ಲೇ ಕೇಳಲಿ. ಸರ್ವೆ ನಂಬರ್ ಕೊಟ್ಟ ಮೇಲೆ ಭೂಮಿಯಿಂದಲೇ ವಿಸ್ತೀರ್ಣ ತರಲು ಬರುವುದಾದರೆ ಇನ್ನೂ ಒಳ್ಳೆಯದು, ಕೇಳುವುದೇ ಬೇಡ.

ಸರ್ವೆ ನಂಬರಿನ ಹಿಂದೆಯೇ ಬರುವ, ಅದರ ಒಳ ವಿಭಾಗ ಹೇಳುವ ಸರ್ನಾಕ್, ಹಿಸ್ಸಾ ಆಯ್ಕೆಗಳೂ ಹೀಗೆಯೇ. ಎಷ್ಟೋ ಜಮೀನುಗಳಿಗೆ ಸರ್ನಾಕ್ ಪಟ್ಟಿಯಲ್ಲಿ ಇರುವುದು ಒಂದು ನಕ್ಷತ್ರ ಚಿಹ್ನೆ ಮಾತ್ರ. ಹೊಸಬರು ಅದನ್ನು ನೋಡಿ ಏನೋ ಕೆಟ್ಟಿದೆ ಎಂದುಕೊಂಡು ಅಲ್ಲೇ ನಿಲ್ಲುತ್ತಾರೆ. ಪಟ್ಟಿಯಲ್ಲಿ ಒಂದೇ ಆಯ್ಕೆ ಇದ್ದಾಗ ಯಂತ್ರವೇ ಅದನ್ನು ಆರಿಸಿಕೊಂಡು ಮುಂದೆ ಹೋಗಬೇಕು.

ಊರಿನ ಹೆಸರು ಇನ್ನೂ ದೊಡ್ಡ ತೊಡಕು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಮೇಲಿಂದ ಕೆಳಗೆ ಇಳಿಸುವುದು ಕಚೇರಿಯ ಕ್ರಮ. ಜನರಿಗೆ ಊರು ಗೊತ್ತು, ತಾಲ್ಲೂಕು ಗೊತ್ತು, ಹೋಬಳಿ ಅನೇಕರಿಗೆ ಗೊತ್ತಿರುವುದಿಲ್ಲ, ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗಂತೂ ಗೊತ್ತಿರುವುದು ಕಡಿಮೆಯೇ. ಊರಿನ ಹೆಸರಿನ ಮೊದಲ ಮೂರು ಅಕ್ಷರ ಹಾಕಿದರೆ ಸಾಕು, ಹೊಂದುವ ಊರುಗಳು ತಾಲ್ಲೂಕಿನ ಹೆಸರಿನ ಸಮೇತ ಕೆಳಗೆ ಬರಬೇಕು. ತಾಲ್ಲೂಕಿನ ಹೆಸರು ಬೇಕೇ ಬೇಕು, ಯಾಕೆಂದರೆ ಚಿತ್ರದುರ್ಗ ಜಿಲ್ಲೆಯಲ್ಲಿ ಗೊಲ್ಲರಹಟ್ಟಿ ಎಂದರೆ ಒಂದಲ್ಲ, ಎಷ್ಟೋ ಇವೆ.

ಮತ್ತು ಮುಖ್ಯ ಮಾತು ಅಲ್ಲೇ ಇದೆ. ಗೊಲ್ಲರಹಟ್ಟಿಗಳು, ಲಂಬಾಣಿ ತಾಂಡಾಗಳು, ಕ್ಯಾಂಪುಗಳು ಎಷ್ಟೋ ಕಾಲ ಕಂದಾಯ ಗ್ರಾಮಗಳಾಗಿರಲಿಲ್ಲ. ಅನೇಕವನ್ನು ಈಗ ಕಂದಾಯ ಗ್ರಾಮ ಮಾಡಲಾಗುತ್ತಿದೆ. ನಮೂನೆಯ ಪಟ್ಟಿಯಲ್ಲಿ ಇರುವುದು ಕಂದಾಯ ಗ್ರಾಮಗಳ ಹೆಸರು. ಹಟ್ಟಿಯವರಿಗೆ ತಮ್ಮ ಊರೇ ಇಲ್ಲ. ತಿಳಿದವರು ಪಕ್ಕದ ಮೂಲ ಗ್ರಾಮದ ಹೆಸರು ಹಾಕುತ್ತಾರೆ, ತಿಳಿಯದವರು ಹೆಸರು ಹೋಲುವ ಇನ್ನಾವುದೋ ಊರನ್ನು ಆರಿಸುತ್ತಾರೆ, ಅರ್ಜಿ ಬೇರೆ ವೃತ್ತದ ಗ್ರಾಮ ಆಡಳಿತಾಧಿಕಾರಿಗೆ ಹೋಗಿ 'ವಾಸವಿಲ್ಲ' ಎಂದು ಹಿಂದೆ ಬರುತ್ತದೆ. ಪ್ರತಿ ಹಟ್ಟಿ, ತಾಂಡಾ, ಕ್ಯಾಂಪಿನ ಹೆಸರನ್ನು ಅದು ಸೇರುವ ಕಂದಾಯ ಗ್ರಾಮಕ್ಕೆ ಜೋಡಿಸಿದ ಒಂದು ಪಟ್ಟಿ ಬೇಕು. ಗ್ರಾಮ ಪಂಚಾಯಿತಿಯವರಿಗೆ ಈ ಮಾಹಿತಿ ಬಾಯಿಪಾಠ. ತಾಲ್ಲೂಕುವಾರು ಎಕ್ಸೆಲ್ ಹಾಳೆಯಲ್ಲಿ ತುಂಬಿಸಿಕೊಂಡರೆ ಒಂದು ಜಿಲ್ಲೆಯ ಪಟ್ಟಿ ಆಗಿಬಿಡುತ್ತದೆ. ತನ್ನ ಊರಿನ ಹೆಸರು ಸರ್ಕಾರದ ಪರದೆಯ ಮೇಲೆ ಕಾಣುವುದು ಸಣ್ಣ ವಿಷಯ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಜಿಲ್ಲೆಯ ಹೆಸರೂ ಹಾಗೆಯೇ ಕೈಕೊಡುತ್ತದೆ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಹರಿಹರದವರ ಶಾಲಾ ದಾಖಲೆಯಲ್ಲಿ ಜಿಲ್ಲೆ ಚಿತ್ರದುರ್ಗ, ಚನ್ನಗಿರಿ, ಹೊನ್ನಾಳಿಯವರದರಲ್ಲಿ ಶಿವಮೊಗ್ಗ. ಹರಪನಹಳ್ಳಿಯವರ ಪಾಡು ಕೇಳಲೇಬೇಡಿ: ಮೊದಲು ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ನ್ಯಾಮತಿಯವರ ಹಳೆಯ ಕಾಗದವೆಲ್ಲ ಹೊನ್ನಾಳಿ ತಾಲ್ಲೂಕು ಎನ್ನುತ್ತದೆ. 'ಹುಟ್ಟಿದ ಊರು' ಕೇಳುವಲ್ಲಿ ದಾಖಲೆಯಲ್ಲಿರುವಂತೆ ಬರೆಯಲು ಬಿಡಬೇಕು, 'ಈಗಿನ ವಿಳಾಸ' ಕೇಳುವಲ್ಲಿ ಮಾತ್ರ ಇಂದಿನ ಪಟ್ಟಿ ಇರಬೇಕು. ಇವೆರಡಕ್ಕೂ ಒಂದೇ ಪಟ್ಟಿ ಬಳಸಿದರೆ ದಾಖಲೆಗೂ ಅರ್ಜಿಗೂ ತಾಳೆಯೇ ಆಗುವುದಿಲ್ಲ.

ಹೆಸರಿನ ಹೊಂದಾಣಿಕೆಯಲ್ಲಿ ಅಕ್ಷರಕ್ಕೆ ಅಕ್ಷರ ಕೂಡಬೇಕು ಎಂದು ಹಟ ಹಿಡಿಯುವ ತಂತ್ರಾಂಶ ನಮ್ಮ ಜನಕ್ಕೆ ಆಗಿಬರುವುದಿಲ್ಲ. ಪಹಣಿಯಲ್ಲಿ 'ಬಸಪ್ಪ ಬಿನ್ ಹನುಮಂತಪ್ಪ' ಎಂದಿರುತ್ತದೆ, ಆಧಾರ್‌ನಲ್ಲಿ ಬಸಪ್ಪ ಎಚ್., ಪಡಿತರ ಚೀಟಿಯಲ್ಲಿ ಬಸವರಾಜಪ್ಪ. ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರ್ ಹಾಕಿದಾಗ ಹೆಸರು ಹೊಂದದೆ ಸಿಇಟಿ ಅರ್ಜಿ ಹೊತ್ತಿನಲ್ಲಿ ಪರದಾಡುವ ಮಕ್ಕಳು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ಬಿನ್, ಕೋಂ, ಇನಿಷಿಯಲ್, ಚುಕ್ಕಿ, ಖಾಲಿ ಜಾಗ ತೆಗೆದು ಹೋಲಿಸಬೇಕು. ಅರೆಬರೆ ಹೊಂದಿದರೆ ತಿರಸ್ಕರಿಸದೆ ಸಿಬ್ಬಂದಿಯ ಪರಿಶೀಲನೆಗೆ ಕಳಿಸಬೇಕು, ಮತ್ತು ಯಾವ ಎರಡು ದಾಖಲೆಯ ಹೆಸರು ಹೊಂದುತ್ತಿಲ್ಲ ಎಂಬುದನ್ನು ಅಕ್ಕಪಕ್ಕ ತೋರಿಸಬೇಕು. 'ಹೆಸರು ಹೊಂದಿಕೆಯಾಗುತ್ತಿಲ್ಲ' ಎಂದಷ್ಟೇ ಹೇಳಿದರೆ ಯಾವುದನ್ನು ತಿದ್ದಿಸಲು ಎಲ್ಲಿಗೆ ಹೋಗಬೇಕು?

ದಾಖಲೆ ಅಪ್‌ಲೋಡ್ ಮಾಡುವಲ್ಲಿ '50 ಕೆ.ಬಿ. ಒಳಗಿರಬೇಕು' ಎಂಬ ಮಾತು ನಮ್ಮ ನೆಟ್ ಸೆಂಟರ್‌ಗಳಿಗೆ ದುಡಿಮೆ ಕೊಟ್ಟಿದೆ. ಇಂದಿನ ಫೋನಿನಲ್ಲಿ ತೆಗೆದ ಫೋಟೊ 3-4 ಎಂ.ಬಿ. ಇರುತ್ತದೆ. ಅದನ್ನು ಕುಗ್ಗಿಸುವುದು ಜನರ ಕೆಲಸ ಆಗಬಾರದು, ಬ್ರೌಸರಿನಲ್ಲೇ ಕಳಿಸುವ ಮುಂಚೆ ಕುಗ್ಗಿಸಬಹುದು. ಎ4 ಹಾಳೆಗೆ ಉದ್ದದ ಕಡೆ 1,750 ಪಿಕ್ಸೆಲ್ ಇದ್ದರೆ ಇಂಚಿಗೆ 150 ಚುಕ್ಕಿಯಷ್ಟು ಆಗುತ್ತದೆ, ಓದಲು ಸಾಕು. ಜೆಪೆಗ್ ಗುಣಮಟ್ಟ 70ರ ಹತ್ತಿರ ಇಟ್ಟರೆ ಸಾಮಾನ್ಯವಾಗಿ ಕೆಲವು ನೂರು ಕೆ.ಬಿ.ಗೆ ಬರುತ್ತದೆ. 50 ಕೆ.ಬಿ.ಗೆ ಹಿಂಡಿದ ಪಡಿತರ ಚೀಟಿಯಲ್ಲಿ ಅಂಕಿಗಳು ಕಲಸಿಹೋಗುತ್ತವೆ, 'ಪ್ರತಿ ಅಸ್ಪಷ್ಟ' ಎಂದು ಅರ್ಜಿ ತಿರಸ್ಕೃತವಾಗುತ್ತದೆ. ಮಿತಿ ಹಾಕಿದವರೂ ನಾವೇ, ಅಸ್ಪಷ್ಟ ಎಂದವರೂ ನಾವೇ.

ಒಟಿಪಿ ಬಗ್ಗೆ: ಆಧಾರ್‌ಗೆ ಜೋಡಿಸಿದ ನಂಬರ್ ಬೆಂಗಳೂರಿನಲ್ಲಿ ದುಡಿಯುವ ಮಗನದೋ, ಕೈಬಿಟ್ಟ ಸಿಮ್ಮಿನದೋ ಆಗಿರುವುದು ಹಳ್ಳಿಯಲ್ಲಿ ದಿನದ ಮಾತು. ಒಟಿಪಿ ಕಳಿಸುವ ಮುಂಚೆಯೇ ನಂಬರಿನ ಕೊನೆಯ ನಾಲ್ಕು ಅಂಕಿ ತೋರಿಸಿ. ಆ ನಂಬರ್ ಹತ್ತಿರ ಇಲ್ಲದವರಿಗೆ ಬೆರಳ ಗುರುತು ಕೊಡುವ ದಾರಿಯನ್ನು ಅದೇ ಪರದೆಯಲ್ಲಿ ಹೇಳಿ. ಮಗನಿಗೆ ಫೋನ್ ಹಚ್ಚಿ ಕೇಳಿ ಬರೆದುಕೊಳ್ಳುವಷ್ಟು ಹೊತ್ತು ಒಟಿಪಿ ಜೀವಂತ ಇರಲಿ, ಅಷ್ಟರೊಳಗೆ ತುಂಬಿದ ನಮೂನೆ ಖಾಲಿಯಾಗದಿರಲಿ. ಕರೆಂಟ್ ಹೋದರೂ, ಸಮಯ ಮೀರಿ ಹೊರಬಿದ್ದರೂ, ಮತ್ತೆ ಒಳಬಂದಾಗ ಬಿಟ್ಟ ಜಾಗದಿಂದಲೇ ಶುರುವಾಗಬೇಕು.

ಕನ್ನಡದಲ್ಲಿ ಕೆಡುವುದು

ಕನ್ನಡದ ತಾಣ ಎಂದರೆ ಇಂಗ್ಲಿಷ್ ಪುಟದ ಪದಗಳನ್ನು ಬದಲಾಯಿಸಿದ ತಾಣ ಎಂದುಕೊಂಡರೆ ಒಳಗೆ ಹತ್ತು ಕಡೆ ಸೋರುತ್ತದೆ. ಹಳೆಯ 'ನುಡಿ' ಫಾಂಟಿನಲ್ಲಿ ಟೈಪ್ ಮಾಡಿದ ಆದೇಶವನ್ನು ಹಾಗೇ ತಾಣಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಅದನ್ನು ತಪ್ಪಿಸಲು ಕಾಗದ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಹುಡುಕಾಟಕ್ಕೂ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿಯೂ ಹೇಳುವುದಿಲ್ಲ. ಟೈಪ್ ಮಾಡಿದ ಕಡತವನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಯಂತ್ರವೂ ಓದುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿ ಪಠ್ಯವಾಗಿಯೇ ಹಾಕಬೇಕು. ಸಹಿ ಇರುವ ಪಿಡಿಎಫ್ ಅದರ ಕೆಳಗಿರಲಿ. ಪರಿವರ್ತನೆಯಾದ ಮೇಲೆ ಒತ್ತು, ಅರ್ಕಾವತ್ತು ಕೆಟ್ಟಿರುತ್ತವೆ, ಒಬ್ಬರು ಕೂತು ಓದಲೇಬೇಕು.

ಯುನಿಕೋಡ್ ಆದ ಮೇಲೂ ಹುಡುಕಾಟದಲ್ಲಿ ಮೂರು ಬಲೆಗಳಿವೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿರುತ್ತಾರೆ. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಎರಡು ಹೆಸರೂ ಬೇರೆ ಎಂದು ಯಂತ್ರ ಹೇಳುತ್ತದೆ. 'ಕೋ' ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಇನ್ನು ಅನುಸ್ವಾರದ ಸೊನ್ನೆ, ಕನ್ನಡ ಅಂಕಿಯ ಸೊನ್ನೆ ನೋಡಲು ಒಂದೇ ತರಹ, ಟೈಪ್ ಮಾಡುವವರು ಅದಲುಬದಲು ಮಾಡಿರುತ್ತಾರೆ. ಪಠ್ಯವನ್ನು ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಕೂಡಿಸಿ ಒಂದೇ ಸಂಕೇತ ಮಾಡುವ ಕ್ರಮ) ತಂದು, ಕಾಣದ ಸಂಕೇತಗಳನ್ನು ತೆಗೆದು, ಪದದ ನಡುವಿನ ಅಂಕಿ ಸೊನ್ನೆಯನ್ನು ಅನುಸ್ವಾರ ಮಾಡಿ ಹೋಲಿಸಿದರೆ ಮೂರೂ ಮುಗಿಯುತ್ತವೆ. ಸಂಖ್ಯೆಯ ಪೆಟ್ಟಿಗೆಯಲ್ಲಿ ೪೫ ಎಂದು ಬರೆದರೂ 45 ಎಂದೇ ತೆಗೆದುಕೊಳ್ಳಿ, ತಪ್ಪು ಎನ್ನಬೇಡಿ.

ಅಕ್ಷರದ ಸಾಲು ಇಂಗ್ಲಿಷ್‌ಗೆ ಅಳೆದಂತೆ ಅಕ್ಷರದ ಗಾತ್ರದ 1.2 ಪಟ್ಟು ಎತ್ತರದಲ್ಲಿದ್ದರೆ 'ರಾಷ್ಟ್ರೀಯ', 'ಸ್ವೀಕೃತಿ' ಇವುಗಳ ಒತ್ತು ಬಟನ್ನಿನ ಅಂಚಿಗೆ ಕತ್ತರಿಸಿಹೋಗುತ್ತವೆ. 1.6ಕ್ಕಿಂತ ಕಡಿಮೆ ಬೇಡ, ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದು ಬೇಡ.

ಎಸ್ಸೆಮ್ಮೆಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅನೇಕರಿಗೆ ತಾಣದಿಂದ ತಲುಪುವುದು ಅದೊಂದೇ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಸಂಕೇತ. ಅಕ್ಷರ ಬೇರೆ, ಸಂಕೇತ ಬೇರೆ: 'ನಿಮ್ಮ' ಕಣ್ಣಿಗೆ ಎರಡು ಅಕ್ಷರ, ಲೆಕ್ಕಕ್ಕೆ ಐದು. ಅದಕ್ಕೇ ಹೆದರಿ ಇಲಾಖೆಗಳು ಇಂಗ್ಲಿಷಿನಲ್ಲೇ ಕಳಿಸುತ್ತವೆ, ಅದು ಯಾರಿಗೂ ಅರ್ಥವಾಗುವುದಿಲ್ಲ. ಇದನ್ನು ನೋಡಿ: "ನಿಮ್ಮ ಅರ್ಜಿ ವಾಪಸ್. ಕಾರಣ: ಪಡಿತರ ಚೀಟಿ ಫೋಟೊ ಮಸುಕು. ಮತ್ತೆ ಕಳಿಸಿ." ಖಾಲಿ ಜಾಗ, ಚುಕ್ಕಿ ಸೇರಿ 60 ಸಂಕೇತ. ಉಳಿದ 10ರಲ್ಲಿ ಅರ್ಜಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಹಿಡಿಸುತ್ತವೆ. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಸಂದೇಶದ ಮಾದರಿಗಳನ್ನು ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕಾದ್ದರಿಂದ ಈ ವಾಕ್ಯಗಳನ್ನು ತಂತ್ರಾಂಶ ಮುಗಿದ ಮೇಲೆ ಅವಸರದಲ್ಲಿ ಬರೆಯುವಂತಿಲ್ಲ, ಶುರುವಿನಲ್ಲೇ ಕೂತು ಬರೆಯಬೇಕು.

ಭಾಷೆಯೂ ಆಡುಮಾತಿಗೆ ಹತ್ತಿರ ಇರಲಿ. 'ಸದರಿ ಅರ್ಜಿಯು ಪರಿಶೀಲನಾ ಹಂತದಲ್ಲಿರುತ್ತದೆ' ಎಂದರೆ ಏನೂ ತಿಳಿಯುವುದಿಲ್ಲ. ಜಾತಿ ಪ್ರಮಾಣಪತ್ರದ ಅರ್ಜಿ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ಉಪ ತಹಶೀಲ್ದಾರ್ ಹೀಗೆ ಸಾಗುತ್ತದೆ. 'ನಿಮ್ಮ ಅರ್ಜಿ ಈಗ ಕಂದಾಯ ನಿರೀಕ್ಷಕರ ಹತ್ತಿರ ಇದೆ, ಸೋಮವಾರದಿಂದ ಇದೆ, ಸಕಾಲದ ಗಡುವು ಇಂಥ ದಿನಾಂಕ' ಎಂದು ಹೇಳಿದರೆ ಜನ ಸುಮ್ಮನೆ ಕಚೇರಿಗೆ ಬಸ್ ಚಾರ್ಜ್ ಹಾಕಿಕೊಂಡು ಬರುವುದಿಲ್ಲ.

ಉಳಿದ ಕೆಲವು ಮಾತು

ಮೊಳಕಾಲ್ಮುರಿನ ಅಂಚಿನ ಹಳ್ಳಿಯಲ್ಲಿ ಸಿಗ್ನಲ್ ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕರೆ 5 ಎಂ.ಬಿ.ಯ ಮುಖಪುಟ ತೆರೆಯಲು 40 ಸೆಕೆಂಡ್. ಆ ಭಾರ ಬಹುತೇಕ ಬ್ಯಾನರ್ ಫೋಟೊಗಳದ್ದು. ಅವನ್ನು ತೆಗೆದು ಮುಖಪುಟ 500 ಕೆ.ಬಿ. ಒಳಗೆ ತನ್ನಿ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಅಕ್ಷರ ಮೊದಲೇ ಇರುತ್ತದೆ, ಮತ್ತೆ ಫಾಂಟ್ ಇಳಿಸುವ ಅಗತ್ಯವಿಲ್ಲ.

ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ಅಂತರ 4.5ಕ್ಕೆ 1 ಇರಬೇಕು ಎಂಬುದು ಅಂತರರಾಷ್ಟ್ರೀಯ ಸುಗಮ್ಯತೆಯ ಮಾನದಂಡ. ತಿಳಿಬೂದು ಅಕ್ಷರ ಬಿಸಿಲಿನಲ್ಲಿ ಯಾರಿಗೂ ಕಾಣುವುದಿಲ್ಲ. ಚಿತ್ರದ ಕ್ಯಾಪ್ಚಾ ದೃಷ್ಟಿ ಇಲ್ಲದವರಿಗೆ ಬಾಗಿಲು ಮುಚ್ಚಿದಂತೆ. ಒಟಿಪಿ ಇರುವ ಕಡೆ ಕ್ಯಾಪ್ಚಾ ಯಾಕೆ ಬೇಕು ಎಂಬುದು ನನಗಂತೂ ಅರ್ಥವಾಗಿಲ್ಲ.

ಅರ್ಜಿಗಳನ್ನು ದಿನವಿಡೀ ತುಂಬುವವರು ಗ್ರಾಮ ಒನ್ ಆಪರೇಟರ್‌ಗಳು ಎಂಬುದನ್ನು ಮರೆಯಬಾರದು. ಮೌಸ್ ಮುಟ್ಟದೆ ಟ್ಯಾಬ್ ಒತ್ತುತ್ತಲೇ ನಮೂನೆ ಮುಗಿಯುವಂತಿದ್ದರೆ ಅವರ ಸರದಿ ಬೇಗ ಕರಗುತ್ತದೆ. ಕೊನೆಯಲ್ಲಿ ಅಚ್ಚಾಗುವ ಸ್ವೀಕೃತಿ ಒಂದೇ ಹಾಳೆಯಲ್ಲಿ, ಕಪ್ಪು ಬಿಳುಪಿನಲ್ಲಿ ಓದುವಂತಿರಲಿ. ಅರ್ಜಿ ಸಂಖ್ಯೆ ದಪ್ಪಗೆ, ನಾಲ್ಕು ನಾಲ್ಕು ಅಂಕಿಗೆ ಜಾಗ ಬಿಟ್ಟು. ಅದರ ಕೆಳಗೆ ಮುಂದೆ ಏನಾಗುತ್ತದೆ ಎಂಬ ಎರಡು ಸಾಲು. ಈ ಹಾಳೆಯೂ ಆ ಪ್ಲಾಸ್ಟಿಕ್ ಕವರಿಗೇ ಸೇರುತ್ತದೆ.

ತಯಾರಾದ ತಾಣವನ್ನು ಅಧಿಕಾರಿಗಳ ಮುಂದೆ ಪ್ರೊಜೆಕ್ಟರಿನಲ್ಲಿ ತೋರಿಸುವುದು ಪರೀಕ್ಷೆ ಆಗುವುದಿಲ್ಲ. ಎಪಿಎಂಸಿ ಯಾರ್ಡಿನಲ್ಲಿ, ಹಾಸ್ಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಐದು ಜನರ ಕೈಗೆ ಸಾಧಾರಣ ಫೋನ್ ಕೊಡಿ. 'ಚೆನ್ನಾಗಿದೆಯಾ?' ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. 'ಅಮ್ಮಾ, ನಿಮ್ಮ ಮಗಳ ಹಾಸ್ಟೆಲಿಗೆ ಆದಾಯ ಪ್ರಮಾಣಪತ್ರ ಬೇಕಂತೆ, ಇದರಲ್ಲಿ ಹೇಗೆ ಹಾಕ್ತೀರಿ ತೋರಿಸಿ' ಎಂದು ಹೇಳಿ ಸುಮ್ಮನೆ ಕೂರಿ. ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಿಂದಕ್ಕೆ ಹೋಗುತ್ತದೆ ಬರೆದುಕೊಳ್ಳಿ. ಸಹಾಯ ಮಾಡಲು ಮನಸ್ಸಾಗುತ್ತದೆ, ಮಾಡಬೇಡಿ. ಐದರಲ್ಲಿ ಮೂವರು ಒಂದೇ ಜಾಗದಲ್ಲಿ ನಿಂತರೆ ಅದನ್ನು ತಿದ್ದಿ ಬೇರೆ ಐದು ಜನರಿಗೆ ಕೊಡಿ.

ಇದೆಲ್ಲ ಆಗಬೇಕಾದರೆ ಟೆಂಡರಿನಲ್ಲೇ ಬರೆದಿರಬೇಕು. 'ಮುಖಪುಟ 1, ಒಳಪುಟ 40, ಫೋಟೊ ಗ್ಯಾಲರಿ 1' ಎಂದು ಎಣಿಕೆ ಬರೆದರೆ ಎಣಿಕೆಯಷ್ಟೇ ಸಿಗುತ್ತದೆ. ಬದಲಿಗೆ ಹತ್ತು ಕೆಲಸಗಳ ಪಟ್ಟಿ ಕೊಟ್ಟು, ಅವನ್ನು ಸಾಮಾನ್ಯ ಜನ ಸಹಾಯವಿಲ್ಲದೆ ಫೋನಿನಲ್ಲಿ ಮುಗಿಸಿ ತೋರಿಸಿದ ಮೇಲೆಯೇ ಕೊನೆಯ ಕಂತು ಬಿಡುಗಡೆ ಎಂದು ಬರೆಯಿರಿ. ತಾಣ ಶುರುವಾದ ಮೇಲೆ 12 ತಿಂಗಳು ಪ್ರತಿ ತಿಂಗಳೂ ತಿರಸ್ಕೃತ ಅರ್ಜಿಗಳ ಕಾರಣ ನೋಡಿ ನಮೂನೆ ತಿದ್ದುವ ಕೆಲಸಕ್ಕೆ ಬೇರೆಯಾಗಿ ಹಣ ಇಡಿ. ಪ್ರತಿ ಪುಟದ ಕೆಳಗೆ ಅದನ್ನು ಸರಿಯಾಗಿಡುವ ಹೊಣೆ ಯಾವ ಹುದ್ದೆಯದು, ಕೊನೆಯ ಸಲ ಯಾವಾಗ ಓದಿ ನೋಡಿದ್ದಾರೆ ಎಂಬ ದಿನಾಂಕ ಇರಲಿ. ಅಲ್ಲಿ ವ್ಯಕ್ತಿಯ ಹೆಸರು ಹಾಕಿದರೆ ವರ್ಗಾವಣೆಯಾದ ದಿನವೇ ಆ ಪುಟಕ್ಕೆ ವಾರಸುದಾರರಿಲ್ಲದಂತಾಗುತ್ತದೆ.